ಖಜಾನೆಯಿಂದ ಹೊಲಕ್ಕೆ: ಗಂಧದ ಮರವನ್ನು ಅರಿತ ಬಗೆ

ಹೊಳಲ್ಕೆರೆ, ಹೊಸದುರ್ಗ ಕಡೆಯ ಕೆಂಪು ಮಣ್ಣು, ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ ಶ್ರೀಗಂಧಕ್ಕೆ ಒಗ್ಗುವಂಥವು. ನೀರು ನಿಲ್ಲುವ ನೆಲವೊಂದು ಅದಕ್ಕೆ ಆಗದು. ಆದರೂ ಹಕ್ಕಿ ಹಿಕ್ಕೆಯಿಂದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಸಸಿ ರೈತನಿಗೆ ಬಹುಕಾಲ ತಲೆನೋವೇ ಆಗಿತ್ತು. ಏಕೆಂದರೆ 1792ರಲ್ಲಿ ಟಿಪ್ಪು ಗಂಧವನ್ನು ರಾಜವೃಕ್ಷ, ಅಂದರೆ ಸರ್ಕಾರದ ಸ್ವತ್ತು, ಎಂದು ಸಾರಿದ. ಮುಂದಿನ ಸರ್ಕಾರಗಳೂ ಆ ಹಿಡಿತ ಸಡಿಲಿಸಲಿಲ್ಲ. ಕಾವಲಿಗೆ ಸಿಕ್ಕ ಗಮನ ಮರದ ಬದುಕಿಗೆ ಸಿಗಲಿಲ್ಲ.

ಗಂಧದ ಬೇರು ನೆರೆಗಿಡದ ಬೇರಿಗೆ ಕಚ್ಚಿಕೊಂಡಿರುವುದನ್ನು 1871ರಲ್ಲಿ ಗುರುತಿಸಿದವರು ಕಲ್ಕತ್ತೆಯ ಸಸ್ಯೋದ್ಯಾನದ ಜಾನ್ ಸ್ಕಾಟ್. ಗಂಧದ ಹಸಿರೆಲೆ ತನ್ನ ಆಹಾರವನ್ನು ತಾನೇ ತಯಾರಿಸುತ್ತದೆ. ನೀರು, ಖನಿಜಗಳ ದೊಡ್ಡ ಪಾಲನ್ನು ಮಾತ್ರ ಬೇರಿನ ಹೀರುಗಂಟುಗಳ ಮೂಲಕ ನೆರೆಯಿಂದ ಎಳೆಯುತ್ತದೆ. ಅಂದರೆ ಅರೆ ಪರಾವಲಂಬಿ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಸಸ್ಯವಿಜ್ಞಾನಿ ಸಿ. ಎ. ಬಾರ್ಬರ್ ಈ ಹೀರುಗಂಟುಗಳ ರಚನೆಯನ್ನು ಬಿಡಿಸಿ ನೋಡಿದರು. ಇಂದು ಸಸಿಯ ಬುಡದಲ್ಲಿ ತೊಗರಿ ಹಾಕುವುದು, ಆಮೇಲೆ ಸರ್ವೆಯನ್ನೋ ಹೊಂಗೆಯನ್ನೋ ಜೊತೆಗೆ ಬೆಳೆಸುವುದು ಇದೇ ತಿಳಿವಳಿಕೆಯ ಫಲ. ಒಂಟಿಯಾಗಿ ನೆಟ್ಟ ಗಂಧ ಕೃಶವಾಗಿಯೇ ಉಳಿಯುತ್ತದೆ.

ಸಂಶೋಧನೆಗೆ ನಿಜವಾದ ಒತ್ತಡ ಬಂದದ್ದು ರೋಗದಿಂದ. 1899ರಲ್ಲಿ ಕೊಡಗಿನಲ್ಲಿ ಸ್ಪೈಕ್ ರೋಗ ಕಣ್ಣಿಗೆ ಬಿತ್ತು. ಎಲೆ ಸಣ್ಣಗಾಗಿ, ರೆಂಬೆ ಮುಳ್ಳುಮುಳ್ಳಾಗಿ ನಿಮಿರಿ, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತಿತ್ತು. ವೈರಸ್ಸೇ ಕಾರಣವೆಂದು ದಶಕಗಳ ಕಾಲ ನಂಬಿದ್ದರು. ಗೋಡೆಯಿಲ್ಲದ ಜೀವಕೋಶದ ಸೂಕ್ಷ್ಮಜೀವಿಗಳು ರೋಗದ ಗಿಡದಲ್ಲಿ ಕಂಡದ್ದು 1969ರಲ್ಲಿ. ಈಗ ಅವನ್ನು ಫೈಟೋಪ್ಲಾಸ್ಮ ಎನ್ನುತ್ತಾರೆ. ಖಚಿತ ಮದ್ದು ಇನ್ನೂ ಸಿಕ್ಕಿಲ್ಲ.

ಎಣ್ಣೆಯ ಕಥೆ ಬೇರೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಮಾರುಕಟ್ಟೆ ಮುಚ್ಚಿದಾಗ ಮೈಸೂರು ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಜ್ಞರ ನೆರವಿನಿಂದ 1916ರಲ್ಲಿ ತಾನೇ ಎಣ್ಣೆ ತೆಗೆಯಲು ಹೊರಟಿತು. ಅದರಿಂದ ಮಾಡಿದ ಸೋಪು ಮನೆಮಾತಾಯಿತು. ಆ ಎಣ್ಣೆ ಮರದೊಳಗೆ ಹೇಗೆ ಹುಟ್ಟುತ್ತದೆಂಬುದು ಮಾತ್ರ ಈ ಶತಮಾನದಲ್ಲಷ್ಟೇ ಬಿಚ್ಚಿಕೊಂಡಿತು; 2018ರಲ್ಲಿ ಗಂಧದ ಜೀನೋಮ್ ಪ್ರಕಟವಾಯಿತು.

ನನ್ನ ಮಟ್ಟಿಗೆ ಈ ಎಲ್ಲ ಸಂಶೋಧನೆಗಿಂತ ದೊಡ್ಡ ತಿರುವು 2001ರ ಅರಣ್ಯ ಕಾಯ್ದೆಯ ತಿದ್ದುಪಡಿ. ಖಾಸಗಿ ಜಮೀನಿನ ಮರ ಜಮೀನಿನವನದೇ ಎಂದಾಯಿತು. ಆಗಲೇ ವಿಜ್ಞಾನದ ಮುಂದೆ ರೈತನ ಪ್ರಶ್ನೆ ಬಂದದ್ದು: ಎಣ್ಣೆಯಿರುವ ಒಳತಿರುಳಾದ ಚೇಗು ಎಂದು ಕಟ್ಟುತ್ತದೆ? ಸಾಮಾನ್ಯವಾಗಿ ಹತ್ತು ವರ್ಷದ ಆಚೀಚೆ ಶುರು. ಆದರೆ ಒಂದೇ ದಿನ ನೆಟ್ಟ, ಒಂದೇ ದಪ್ಪದ ಎರಡು ಮರಗಳಲ್ಲಿ ಒಂದರಲ್ಲಿ ಚೇಗಿದ್ದು ಇನ್ನೊಂದು ಬರೀ ಬಿಳಿಮರವಾಗಿರಬಹುದು. ನೀರು, ಗೊಬ್ಬರ ಸುರಿದು ಕಾಂಡ ಬೇಗ ದಪ್ಪವಾದ ಮಾತ್ರಕ್ಕೆ ಚೇಗೂ ಬೇಗ ಕೂಡುತ್ತದೆಂದು ಹೇಳಲಾಗದು. ತೊಗಟೆ ನೋಡಿ ತಿಳಿಯದು. ಕೊರೆದು ನೋಡಿದರೆ ಮರಕ್ಕೆ ಗಾಯ. ಎಕರೆಗೆ ಕೋಟಿಗಳ ಲೆಕ್ಕ ಹೇಳಿ ಸಸಿ ಮಾರುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ.