ವ್ಯಾಕ್ಸಿನ್ ಡಿಪೊದಿಂದ ಕ್ಯಾನ್ಸರ್ ಗಡ್ಡೆಯವರೆಗೆ

ಬೆಳಗಾವಿಯಿಂದ ಖಾನಾಪುರದ ಹಾದಿ ಹಿಡಿದವರಿಗೆ ಟಿಳಕವಾಡಿಯ ‘ವ್ಯಾಕ್ಸಿನ್ ಡಿಪೊ’ ಹೊಸ ಹೆಸರಲ್ಲ. ಮರಗಳ ನೆರಳಿನ ಈ ಆವರಣ ಒಂದು ಕಾಲಕ್ಕೆ ಸಿಡುಬಿನ ಲಸಿಕೆ ತಯಾರಾಗುತ್ತಿದ್ದ ಸ್ಥಳ. 1970ರ ದಶಕದಲ್ಲಿ ದೇಶಕ್ಕೆ ಈ ಲಸಿಕೆ ಒದಗಿಸುತ್ತಿದ್ದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಉಳಿದವು ಮದರಾಸಿನ ಗಿಂಡಿ, ಹೈದರಾಬಾದ್ ಮತ್ತು ನೈನಿತಾಲ್ ಬಳಿಯ ಪಟವಾಡಾಂಗರ್‌ನಲ್ಲಿದ್ದವು.

ಲಸಿಕೆಯಲ್ಲಿದ್ದುದು ವ್ಯಾಕ್ಸಿನಿಯಾ ಎಂಬ ಜೀವಂತ ವೈರಸ್. ಅಂದಿನ ಪದ್ಧತಿಯಂತೆ ಕರುವಿನ ಚರ್ಮ ಬೋಳಿಸಿ, ಗೀರಿ, ವೈರಸ್ ಸವರುತ್ತಿದ್ದರು. ಕೆಲ ದಿನಗಳಲ್ಲಿ ಎದ್ದ ಗುಳ್ಳೆಗಳನ್ನು ಕೆರೆದು ಗ್ಲಿಸರಿನ್ ಬೆರೆಸುತ್ತಿದ್ದರು. ಬಿಸಿಲಿಗೆ ಬೇಗ ಕೆಡುವ ಈ ದ್ರವವನ್ನು ಖಾನಾಪುರದ ಕಾಡಂಚಿನ ಹಳ್ಳಿಗಳಂಥ ಕಡೆ ಮುಟ್ಟಿಸುವುದು ಸುಲಭದ ಮಾತಲ್ಲ. ಒಣ ಪುಡಿಯ ಲಸಿಕೆ ಬಂದ ಮೇಲೆ ಆ ತೊಡಕು ತಗ್ಗಿತು. 1980ರಲ್ಲಿ ಜಗತ್ತು ಸಿಡುಬುಮುಕ್ತವಾಯಿತು. ವ್ಯಾಕ್ಸಿನಿಯಾಕ್ಕೆ ಕೆಲಸ ತಪ್ಪಿತು.

ಅದಕ್ಕೆ ಹೊಸ ಕೆಲಸ ಹುಡುಕಿದವರು ಕ್ಯಾನ್ಸರ್ ಸಂಶೋಧಕರು. ಬೆಳಗಾವಿಯ ಸೀಸೆಯಿಂದಲ್ಲ, ಅಮೆರಿಕದ ಸಿಡುಬು ಲಸಿಕೆಯ ತಳಿಯೊಂದರಿಂದ ‘ಪೆಕ್ಸಾ-ವೆಕ್’ ರೂಪಿಸಿದರು. ವೈರಸ್ಸಿನ ಒಂದು ಜೀನ್ ತೆಗೆದುಹಾಕಿದ್ದರಿಂದ, ಅದು ಸದಾ ವಿಭಜಿಸುವ ಕ್ಯಾನ್ಸರ್ ಕೋಶಗಳಲ್ಲೇ ಹೆಚ್ಚಾಗಿ ಬೆಳೆದು ಅವನ್ನು ಒಡೆಯುತ್ತದೆ. ಆದರೆ ಯಕೃತ್ತಿನ ಕ್ಯಾನ್ಸರಿನ ಮೇಲೆ ನಡೆದ ದೊಡ್ಡ ಪ್ರಯೋಗವನ್ನು, ಫಲ ಸಿಗುವ ಲಕ್ಷಣವಿಲ್ಲವೆಂದು, 2019ರಲ್ಲಿ ನಿಲ್ಲಿಸಲಾಯಿತು.

ವೈರಸ್ ಒಳಹೊಕ್ಕ ಮಾತ್ರಕ್ಕೆ ಕೋಶ ಸಾಯುವುದಿಲ್ಲ. ಕೋಶಕ್ಕೂ ತನ್ನದೊಂದು ಉಪಾಯವುಂಟು: ‘ಆಟೊಫೇಜಿ’, ಅಂದರೆ ಸ್ವಭಕ್ಷಣೆ. ಬರಗಾಲದಲ್ಲಿ ಮನೆಯ ಹಳೆಯ ತೊಲೆ ಮಾರಿ ಹೊಟ್ಟೆ ಹೊರೆದಂತೆ, ಕೋಶ ತನ್ನ ಹಳೆಯ ಭಾಗಗಳನ್ನೇ ಕರಗಿಸಿ ಬದುಕುತ್ತದೆ. ಹೊಕ್ಕ ವೈರಸ್ಸನ್ನೂ ಕೆಲವೊಮ್ಮೆ ಹೀಗೆಯೇ ಜೀರ್ಣಿಸಿಕೊಳ್ಳುತ್ತದೆ. 1963ರಲ್ಲಿ ಈ ಕ್ರಿಯೆಗೆ ಹೆಸರಿಟ್ಟವರು ಕ್ರಿಶ್ಚಿಯನ್ ಡಿ ಡುವೆ. ಇದರ ಜೀನ್‌ಗಳನ್ನು ಯೀಸ್ಟಿನಲ್ಲಿ ಕಂಡುಹಿಡಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ನೊಬೆಲ್ ಸಂದಿತು.

ವೈರಸ್‌ಗಳೂ ಕಡಿಮೆಯೇನಲ್ಲ. ವ್ಯಾಕ್ಸಿನಿಯಾ ಕೋಶದ ಈ ಯಂತ್ರವನ್ನು ಕೆಡಿಸುತ್ತದೆ. ಹರ್ಪಿಸ್ ವೈರಸ್ ಒಂದು ಪ್ರೋಟೀನಿನಿಂದ ಅದರ ಬಾಯಿ ಕಟ್ಟುತ್ತದೆ. ಚರ್ಮದ ಕ್ಯಾನ್ಸರಿಗೆ 2015ರಲ್ಲಿ ಅಮೆರಿಕ ಒಪ್ಪಿದ ‘ಟಿ-ವೆಕ್’ ಹರ್ಪಿಸ್‌ನಿಂದಲೇ ಬಂದದ್ದು. ಸ್ವಾರಸ್ಯವೆಂದರೆ, ನರಗಳಿಗೆ ಅಪಾಯವಾಗದಿರಲೆಂದು ಅದರಿಂದ ತೆಗೆದ ಜೀನ್ ಅದೇ ಪ್ರೋಟೀನಿನದು!

ಹಾಗಾದರೆ ಸ್ವಭಕ್ಷಣೆಯನ್ನು ತಡೆಯಬೇಕೋ, ಕೆರಳಿಸಬೇಕೋ? ಅದು ಗಡ್ಡೆಯ ಕೋಶಕ್ಕೆ ಅನ್ನವೂ ಆಗಬಹುದು, ಅತಿಯಾದರೆ ಮೃತ್ಯುವೂ ಆಗಬಹುದು. ಪ್ರಯೋಗಾಲಯಗಳಲ್ಲಿ ಅದನ್ನು ತಡೆದಾಗ ಕೆಲವು ವೈರಸ್‌ಗಳ ಬಲ ಹೆಚ್ಚಿತು, ಇನ್ನು ಕೆಲವುಗಳದು ಕುಗ್ಗಿತು. ಹಾಗೆ ತಡೆಯಲು ಬಳಸುವ ಔಷಧಿಗಳಲ್ಲಿ ಒಂದು ನಮ್ಮ ಊರುಗಳಿಗೂ ಚಿರಪರಿಚಿತ: ಮಲೇರಿಯಾ ಜ್ವರಕ್ಕೆ ನುಂಗುತ್ತಿದ್ದ ಕ್ಲೋರೋಕ್ವಿನ್ ಗುಳಿಗೆ.