ಕೆ.ಜಿ.ಎಫ್: ತೆರೆಯ ಜೋಡಿ, ನೆಲದ ಜೋಡಿ

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹಿಡಿದರೆ ಕೋಲಾರದ ಚಿನ್ನದ ಗಣಿಗಳ ಊರು ಸಿಗುತ್ತದೆ. ಆದರೆ 2018ರ ‘ಕೆ.ಜಿ.ಎಫ್’ ಚಿತ್ರದ ಬಳಿಕ ಹೊರನಾಡಿನವರಿಗೆ ಈ ಹೆಸರೆಂದರೆ ರಾಕಿ ಮತ್ತು ಗರುಡ.

ನಿರ್ದೇಶಕ ಪ್ರಶಾಂತ್ ನೀಲ್ ಕಥೆಯನ್ನು ನೇರವಾಗಿ ಹೇಳುವುದಿಲ್ಲ. ಹಿರಿಯ ಪತ್ರಕರ್ತನೊಬ್ಬನ ಬಾಯಲ್ಲಿ ಅದು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ರಾಕಿಯ ಹೊಡೆದಾಟಗಳ ನಡುವೆ ಬಡತಾಯಿಯ ಮಾತುಗಳು ಬಂದುಹೋಗುತ್ತವೆ. ಗರುಡನಿಗಾದರೋ ಗಣಿ ತಂದೆಯಿಂದ ಬಂದ ಸೊತ್ತು. ಕೊಲ್ಲುವುದರಲ್ಲಿ ಇಬ್ಬರೂ ಸಮಾನರು. ಆದರೆ ಒಬ್ಬನ ಬಾಲ್ಯವನ್ನು ಪದೇ ಪದೇ ಕಂಡ ನಾವು ಅವನನ್ನು ಕ್ಷಮಿಸುತ್ತೇವೆ, ಇನ್ನೊಬ್ಬನನ್ನು ದ್ವೇಷಿಸುತ್ತೇವೆ. ಕಾಲವನ್ನು ಕತ್ತರಿಸಿ ಜೋಡಿಸುವ ತಂತ್ರದ ಶಕ್ತಿ ಇದು.

ಚಿತ್ರದಲ್ಲಿ ಚಿನ್ನ ಸಿಗುವುದು 1951ರಲ್ಲಿ, ನಾಯಕ ಹುಟ್ಟುವ ಹೊತ್ತಿಗೆ. ನಿಜದಲ್ಲಿ ಜಾನ್ ಟೇಲರ್ ಕಂಪನಿ 1880ರಲ್ಲೇ ಇಲ್ಲಿಗೆ ಬಂದಿತ್ತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತೂ ಬಂತು. ಇಲ್ಲಿ ಎದುರುಬದುರಾಗಿದ್ದ ಜೋಡಿಯೆಂದರೆ ಕಂಪನಿ ಮತ್ತು ಕಾರ್ಮಿಕರು. ಅವರಲ್ಲಿ ಬಹುಪಾಲು ತಮಿಳು ಸೀಮೆಯ ದಲಿತರು. ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ನಿಯಮದ ವಿರುದ್ಧ 1930ರಲ್ಲಿ ಅವರು ಮುಷ್ಕರ ಹೂಡಿದರು. ಚಿತ್ರದ ಗುಲಾಮರ ಹಾಗೆ ಅವರು ಮುಂಬಯಿಯಿಂದ ಬರುವ ವೀರನಿಗಾಗಿ ಕಾಯಲಿಲ್ಲ.

2001ರಲ್ಲಿ ಗಣಿ ಮುಚ್ಚಿತು. ಆ ಕುಟುಂಬಗಳ ಎಷ್ಟೋ ಮಂದಿ ಇಂದು ದುಡಿಮೆಗೆಂದು ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾರೆ.

ಕಾಲವನ್ನು ಹಿಂದುಮುಂದು ಮಾಡುವ ಹಕ್ಕು ಕಲೆಗಿದೆ. ಆದರೆ ಹಿಂದಕ್ಕೆ ಹೊರಟ ಕಥೆ 1951ಕ್ಕೇ ನಿಂತರೆ ಅದಕ್ಕೂ ಹಿಂದಿನ ಎಪ್ಪತ್ತು ವರ್ಷಗಳ ಬೆವರು ಲೆಕ್ಕಕ್ಕೆ ಬರುವುದಿಲ್ಲ. ಆ ಲೆಕ್ಕವನ್ನು ಇಡುವುದು ಇತಿಹಾಸದ ಕೆಲಸ.