ಎಸ್.ಆರ್. ಬೊಮ್ಮಾಯಿ ಪ್ರಕರಣ (1994)

ಎಸ್.ಆರ್. ಬೊಮ್ಮಾಯಿ ಮತ್ತು ಭಾರತ ಸರ್ಕಾರದ ನಡುವಣ ಈ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಸಂವಿಧಾನ ಪೀಠವು 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಸಂವಿಧಾನದ 356ನೇ ವಿಧಿಯ ಪ್ರಕಾರ ರಾಜ್ಯ ಸರ್ಕಾರವನ್ನು ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರುವ ಅಧಿಕಾರಕ್ಕೆ ಮಿತಿ ಏನು, ಆ ಮಿತಿ ಮೀರಿದಾಗ ನ್ಯಾಯಾಲಯ ಏನು ಮಾಡಬಹುದು ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ಮುಖ್ಯಮಂತ್ರಿಗೆ ಬಹುಮತ ಇದೆಯೋ ಇಲ್ಲವೋ ಎಂಬುದು ರಾಜಭವನದಲ್ಲಿ ಅಲ್ಲ, ಸದನದಲ್ಲೇ ತೀರ್ಮಾನವಾಗಬೇಕು ಎಂಬ ಮಾತಿಗಾಗಿ ಈ ತೀರ್ಪು ಹೆಸರಾಗಿದೆ. ಆದರೆ ಅದರ ನಿಜವಾದ ಬಿಗಿ ಇರುವುದು ಅಷ್ಟಾಗಿ ಚರ್ಚೆಗೆ ಬಾರದ ಇನ್ನೊಂದು ನಿಯಮದಲ್ಲಿ: ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ.

ಬೆಂಗಳೂರಿನ ಆ ವಾರ

ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ 1988ರ ಆಗಸ್ಟ್‌ನಲ್ಲಿ ಸೋಮಪ್ಪ ರಾಯಪ್ಪ ಬೊಮ್ಮಾಯಿ ಕರ್ನಾಟಕದ ಮುಖ್ಯಮಂತ್ರಿಯಾದರು. ಅವರು ಹುಬ್ಬಳ್ಳಿಯಲ್ಲಿ ವಕೀಲಿ ಮಾಡಿದ್ದವರು. ಸ್ವಲ್ಪ ಸಮಯದಲ್ಲೇ ಜನತಾ ಪಕ್ಷ ಮತ್ತು ಲೋಕದಳದ ಒಂದು ಬಣ ಕೂಡಿ ಜನತಾ ದಳ ಹುಟ್ಟಿತು. ಒಳಗಿನ ಅಸಮಾಧಾನ ಮಾತ್ರ ಹಾಗೇ ಉಳಿಯಿತು. 1989ರ ಏಪ್ರಿಲ್ 15ರಂದು ಸಂಪುಟಕ್ಕೆ 13 ಮಂದಿಯನ್ನು ಸೇರಿಸಿಕೊಂಡಾಗ, ಸೇರದವರ ಸಿಟ್ಟು ಹೊರಬಿತ್ತು.

ಎರಡೇ ದಿನದಲ್ಲಿ ಆಡಳಿತ ಪಕ್ಷದ ಶಾಸಕರೊಬ್ಬರು ಪಕ್ಷ ಬಿಟ್ಟರು. ಮರುದಿನ ಅವರು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರಿಗೆ 19 ಪತ್ರಗಳನ್ನು ತಲುಪಿಸಿದರು. ಸರ್ಕಾರಕ್ಕೆ ಕೊಟ್ಟಿದ್ದ ಬೆಂಬಲವನ್ನು ಹಿಂತೆಗೆದುಕೊಳ್ಳುತ್ತಿದ್ದೇವೆ ಎಂದು 19 ಶಾಸಕರ ಹೆಸರಿನಲ್ಲಿ ಬರೆದ ಪತ್ರಗಳು ಅವು. ರಾಜ್ಯಪಾಲರು ವಿಧಾನಮಂಡಲದ ಕಾರ್ಯದರ್ಶಿಯನ್ನು ಕರೆಸಿ ಸಹಿಗಳನ್ನು ತಾಳೆ ನೋಡಿಸಿದರು. ಸಹಿ ಹಾಕಿದವರನ್ನು ಕರೆಸಿ ಕೇಳಲಿಲ್ಲ, ಮುಖ್ಯಮಂತ್ರಿಯನ್ನೂ ಕೇಳಲಿಲ್ಲ. ಏಪ್ರಿಲ್ 19ರಂದು ರಾಷ್ಟ್ರಪತಿಗೆ ವರದಿ ಹೋಯಿತು: ಬೊಮ್ಮಾಯಿ ಬಹುಮತ ಕಳೆದುಕೊಂಡಿದ್ದಾರೆ, ಬೇರೆ ಯಾವ ಪಕ್ಷವೂ ಸರ್ಕಾರ ರಚಿಸುವ ಸ್ಥಿತಿಯಲ್ಲಿಲ್ಲ.

ಏಪ್ರಿಲ್ 20ರಂದು ಆ 19 ಮಂದಿಯಲ್ಲಿ ಏಳು ಶಾಸಕರು ರಾಜ್ಯಪಾಲರಿಗೆ ಬೇರೆಯೇ ಪತ್ರ ಬರೆದರು. ತಪ್ಪು ತಿಳಿವಳಿಕೆ ಕೊಟ್ಟು ತಮ್ಮ ಸಹಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗೇ ಇದ್ದೇವೆ ಎಂದರು. ಅದೇ ದಿನ ಬೊಮ್ಮಾಯಿ ತಮ್ಮ ಕಾನೂನು ಸಚಿವರೊಂದಿಗೆ ರಾಜಭವನಕ್ಕೆ ಹೋದರು. ವಿಧಾನಸಭೆಯನ್ನು ಏಪ್ರಿಲ್ 27ಕ್ಕೆ ಕರೆಯಲು ಸಂಪುಟ ಆ ದಿನವೇ ತೀರ್ಮಾನಿಸಿತ್ತು. ಬೇಕಾದರೆ ಅದನ್ನು ಇನ್ನೂ ಮುಂಚೆಯೇ ಕರೆಯೋಣ, ಬಹುಮತವನ್ನು ಅಲ್ಲೇ ತೋರಿಸುತ್ತೇನೆ ಎಂದರು. ಇದೇ ಮಾತನ್ನು ರಾಷ್ಟ್ರಪತಿಗೂ ಟೆಲೆಕ್ಸ್ ಮಾಡಿದರು. ರಾಜ್ಯಪಾಲರು ಎರಡನೇ ವರದಿ ಕಳಿಸಿ ತಮ್ಮ ಮೊದಲಿನ ಅಭಿಪ್ರಾಯಕ್ಕೇ ಅಂಟಿಕೊಂಡರು. ಏಪ್ರಿಲ್ 21ರಂದು ರಾಷ್ಟ್ರಪತಿಯ ಘೋಷಣೆ ಹೊರಬಿದ್ದು ಸರ್ಕಾರ ವಜಾ ಆಯಿತು, ವಿಧಾನಸಭೆಯೂ ವಿಸರ್ಜನೆಯಾಯಿತು. ಆಗ ದೆಹಲಿಯಲ್ಲಿ ರಾಜೀವ್ ಗಾಂಧಿಯವರ ಸರ್ಕಾರವಿತ್ತು, ಆರ್. ವೆಂಕಟರಾಮನ್ ರಾಷ್ಟ್ರಪತಿಯಾಗಿದ್ದರು.

ಸಭೆ ಸೇರಲು ಆರು ದಿನವಷ್ಟೇ ಬಾಕಿ ಇತ್ತು. ಬೆಂಗಳೂರಿನಲ್ಲಿ ರಾಜಭವನಕ್ಕೂ ವಿಧಾನಸೌಧಕ್ಕೂ ಇರುವುದು ಕೂಗಳತೆಯ ದೂರ. ಅಷ್ಟು ದೂರ ಹೋಗಿ ತಲೆ ಎಣಿಸುವ ತಾಳ್ಮೆ ಯಾರಿಗೂ ಇರಲಿಲ್ಲ.

ಹಿಂದಿನ ಕಥೆ

ಇದು ಕರ್ನಾಟಕಕ್ಕೆ ಮಾತ್ರ ಆದ ಅನ್ಯಾಯವೇನಲ್ಲ. 356ನೇ ವಿಧಿ ಬಳಕೆಗೇ ಬಾರದೆ ಕಾಗದದ ಮೇಲೆ ಉಳಿಯಲಿ ಎಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಹಾರೈಸಿದ್ದರು. ಹಾಗಾಗಲಿಲ್ಲ. 1959ರಲ್ಲಿ ಕೇರಳದ ಇ.ಎಂ.ಎಸ್. ನಂಬೂದಿರಿಪಾಡ್ ಸರ್ಕಾರ ವಜಾ ಆಯಿತು. 1977ರಲ್ಲಿ ಕೇಂದ್ರದಲ್ಲಿ ಗೆದ್ದ ಜನತಾ ಪಕ್ಷ ಒಂಬತ್ತು ಕಾಂಗ್ರೆಸ್ ಸರ್ಕಾರಗಳನ್ನು ಕಿತ್ತುಹಾಕಿತು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಿ ಲೆಕ್ಕ ಚುಕ್ತಾ ಮಾಡಿದರು. ಬೊಮ್ಮಾಯಿ ತೀರ್ಪಿನ ವೇಳೆಗೆ ಈ ವಿಧಿ 90ಕ್ಕೂ ಹೆಚ್ಚು ಬಾರಿ ಬಳಕೆಯಾಗಿತ್ತು.

ನ್ಯಾಯಾಲಯ ಅಷ್ಟುಕಾಲ ದೂರ ನಿಂತಿತ್ತು. ತುರ್ತುಪರಿಸ್ಥಿತಿಯ ಕಾಲದ 38ನೇ ತಿದ್ದುಪಡಿಯು ರಾಷ್ಟ್ರಪತಿಯ ಮನವರಿಕೆಯೇ ಅಂತಿಮ, ಅದನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ ಎಂಬ ಉಪವಿಧಿಯನ್ನು ಸೇರಿಸಿತ್ತು. 1977ರ ರಾಜಸ್ಥಾನ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ವಿಸರ್ಜನೆಯನ್ನು ತಡೆಯಲು ಒಪ್ಪಲಿಲ್ಲ. ಆದರೂ ಅಧಿಕಾರವನ್ನು ದುರುದ್ದೇಶದಿಂದ ಬಳಸಿದ್ದರೆ ನೋಡಬಹುದು ಎಂದು ಬಾಗಿಲನ್ನು ಒಂದಿಷ್ಟು ತೆರೆದಿಟ್ಟಿತು. 44ನೇ ತಿದ್ದುಪಡಿ 1978ರಲ್ಲಿ ಆ ಉಪವಿಧಿಯನ್ನು ತೆಗೆದುಹಾಕಿತು. ಕೇಂದ್ರ–ರಾಜ್ಯ ಸಂಬಂಧಗಳ ಕುರಿತ ಸರ್ಕಾರಿಯಾ ಆಯೋಗವು 1988ರ ವರದಿಯಲ್ಲಿ, 356ನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ ಬಳಸಬೇಕು, ಬಹುಮತದ ಪರೀಕ್ಷೆ ಸದನದಲ್ಲಿ ನಡೆಯಬೇಕು ಎಂದು ಹೇಳಿತ್ತು. ಬೊಮ್ಮಾಯಿ ಕೇಳಿದ್ದೂ ಅದನ್ನೇ.

ಆರು ರಾಜ್ಯ, ಒಂದು ಪೀಠ

ಬೊಮ್ಮಾಯಿ ಮೊದಲು ಹೋದದ್ದು ಕರ್ನಾಟಕ ಹೈಕೋರ್ಟಿಗೆ. ಅಲ್ಲಿ ಮೂವರು ನ್ಯಾಯಮೂರ್ತಿಗಳ ವಿಶೇಷ ಪೀಠ ಅರ್ಜಿಯನ್ನು ವಜಾ ಮಾಡಿತು. ರಾಜ್ಯಪಾಲರ ವರದಿಯಲ್ಲಿದ್ದ ಸಂಗತಿಗಳು ಅಸಂಗತವಲ್ಲ, ಸದನದಲ್ಲಿ ಬಹುಮತ ಪರೀಕ್ಷಿಸಲೇಬೇಕೆಂಬ ಕಡ್ಡಾಯವೂ ಇಲ್ಲ ಎಂದಿತು. ಅದರ ಮೇಲಿನ ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಕಾಯಿತು. ಅಷ್ಟರಲ್ಲಿ ಇತರ ರಾಜ್ಯಗಳ ಮೊಕದ್ದಮೆಗಳೂ ಬಂದು ಸೇರಿದವು.

ನಾಗಾಲ್ಯಾಂಡಿನಲ್ಲಿ 1988ರ ಆಗಸ್ಟ್‌ನಲ್ಲಿ ಆಡಳಿತ ಕಾಂಗ್ರೆಸ್ ಒಡೆದು, ಹೊರಬಂದವರ ನಾಯಕ ತಮಗೆ ಬಹುಮತವಿದೆ ಎಂದಾಗ ಅವಕಾಶ ಕೊಡದೆ ರಾಷ್ಟ್ರಪತಿ ಆಳ್ವಿಕೆ ತರಲಾಗಿತ್ತು. ಮೇಘಾಲಯದ್ದು ಇನ್ನೂ ವಿಚಿತ್ರ. ಅಲ್ಲಿ ಸಭಾಧ್ಯಕ್ಷರು ಕೆಲವು ಶಾಸಕರನ್ನು ಅನರ್ಹಗೊಳಿಸಿದರು, ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟಿತು, ಸಭಾಧ್ಯಕ್ಷರು ಆ ತಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊನೆಗೆ 1991ರ ಅಕ್ಟೋಬರ್‌ನಲ್ಲಿ ಶಿಕ್ಷೆಯಾದದ್ದು ಸರ್ಕಾರಕ್ಕೆ. ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳ ಕಥೆಯೇ ಬೇರೆ. 1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ನೆಲಸಮವಾದ ಮೇಲೆ, ಡಿಸೆಂಬರ್ 15ರಂದು ಈ ಮೂರು ರಾಜ್ಯಗಳ ಬಿಜೆಪಿ ಸರ್ಕಾರಗಳನ್ನು ವಜಾ ಮಾಡಲಾಗಿತ್ತು. ಮಧ್ಯಪ್ರದೇಶ ಹೈಕೋರ್ಟ್ ಅಲ್ಲಿಯ ಘೋಷಣೆಯನ್ನು ರದ್ದು ಮಾಡಿದ್ದರಿಂದ ಕೇಂದ್ರ ಸರ್ಕಾರವೇ ಮೇಲ್ಮನವಿ ಹಾಕಿತ್ತು.

ಹೀಗೆ ಪೀಠದ ಮುಂದೆ ಎರಡು ಬಗೆಯ ಪ್ರಶ್ನೆಗಳು ಕೂಡಿಬಂದವು. ಮೊದಲನೆಯದು ತಲೆ ಎಣಿಕೆಯದು. ಇನ್ನೊಂದು ಸಂವಿಧಾನದ ಮೌಲ್ಯಗಳದ್ದು: ಸದನದಲ್ಲಿ ಬಹುಮತ ಗಟ್ಟಿಯಾಗಿದ್ದರೂ ಜಾತ್ಯತೀತತೆಗೆ ವಿರುದ್ಧವಾಗಿ ನಡೆಯುವ ಸರ್ಕಾರವನ್ನು ತೆಗೆಯಬಹುದೇ?

ವಾದ

ವಜಾಗೊಂಡವರ ಕಡೆ ಸೋಲಿ ಸೊರಾಬ್ಜಿಯಂಥ ಹಿರಿಯ ವಕೀಲರು, ಕೇಂದ್ರದ ಕಡೆ ಕೆ. ಪರಾಶರನ್ ವಾದಿಸಿದರು. ಕೇಂದ್ರದ ಮುಖ್ಯ ಆಸರೆ 74(2)ನೇ ವಿಧಿ. ಮಂತ್ರಿಮಂಡಲ ರಾಷ್ಟ್ರಪತಿಗೆ ಏನು ಸಲಹೆ ಕೊಟ್ಟಿತು ಎಂಬುದನ್ನು ಯಾವ ನ್ಯಾಯಾಲಯವೂ ವಿಚಾರಿಸಬಾರದು ಎನ್ನುತ್ತದೆ ಅದು. ಸಲಹೆಯನ್ನೇ ನೋಡಬಾರದು ಎಂದಮೇಲೆ ಅದರ ಹಿಂದಿನ ಕಡತವನ್ನು ನೋಡುವುದು ಹೇಗೆ? ರಾಜ್ಯದಲ್ಲಿ ಸಂವಿಧಾನದಂತೆ ಆಡಳಿತ ನಡೆಯುತ್ತಿದೆಯೇ ಎಂಬುದು ರಾಜಕೀಯ ತೀರ್ಮಾನ, ಅದನ್ನು ಅಳೆಯಲು ಕೋರ್ಟಿನ ಬಳಿ ಅಳತೆಗೋಲಿಲ್ಲ ಎಂಬುದು ಇನ್ನೊಂದು ವಾದ.

ಇದಕ್ಕೆ ಪೀಠ ಕೊಟ್ಟ ಉತ್ತರ ಚೊಕ್ಕವಾಗಿದೆ. ಸಲಹೆ ಬೇರೆ, ಸಲಹೆಗೆ ಆಧಾರವಾದ ಸಾಮಗ್ರಿ ಬೇರೆ. ಮಂತ್ರಿಗಳು ಏನು ಹೇಳಿದರು ಎಂದು ಕೋರ್ಟ್ ಕೇಳುವುದಿಲ್ಲ. ಅವರ ಮುಂದೆ ಏನಿತ್ತು ಎಂದು ಕೇಳುತ್ತದೆ. ಸಾಮಗ್ರಿ ಇತ್ತೇ, ಅದು ವಿಷಯಕ್ಕೆ ಸಂಬಂಧಪಟ್ಟದ್ದೇ, ದುರುದ್ದೇಶವಿತ್ತೇ ಎಂಬ ಮೂರನ್ನು ಪರಿಶೀಲಿಸುತ್ತದೆ. ಅದೇ ಸಾಮಗ್ರಿಯಿಂದ ತಾನಾಗಿದ್ದರೆ ಬೇರೆ ತೀರ್ಮಾನಕ್ಕೆ ಬರುತ್ತಿದ್ದೆನೇ ಎಂದು ಯೋಚಿಸುವುದಿಲ್ಲ. ಕಡತದಲ್ಲಿ ಏನಿತ್ತೆಂದು ತೋರಿಸುವ ಹೊಣೆ ಕೇಂದ್ರದ ಮೇಲೆ ಬಿತ್ತು.

ಒಂಬತ್ತು ನ್ಯಾಯಮೂರ್ತಿಗಳಿಂದ ಆರು ತೀರ್ಪುಗಳು ಬಂದವು. ಪಿ.ಬಿ. ಸಾವಂತ್ ತಮಗೂ ಕುಲದೀಪ್ ಸಿಂಗ್ ಅವರಿಗೂ ಸೇರಿಸಿ ಬರೆದರು, ಬಿ.ಪಿ. ಜೀವನ್ ರೆಡ್ಡಿ ತಮಗೂ ಎಸ್.ಸಿ. ಅಗರವಾಲ್ ಅವರಿಗೂ ಸೇರಿಸಿ ಬರೆದರು. ರತ್ನವೇಲ್ ಪಾಂಡಿಯನ್ ಜೀವನ್ ರೆಡ್ಡಿಯವರ ಜೊತೆಗೂಡಿದರು. ಇಂದು ‘ಬೊಮ್ಮಾಯಿ ತೀರ್ಪು’ ಎನ್ನುವುದು ಈ ಐವರ ಮಾತನ್ನೇ. ಎ.ಎಂ. ಅಹ್ಮದಿಯವರೂ, ಯೋಗೇಶ್ವರ ದಯಾಳ್ ಅವರೊಂದಿಗೆ ಬರೆದ ಜೆ.ಎಸ್. ವರ್ಮಾ ಅವರೂ ನ್ಯಾಯಾಂಗ ಕೈಹಾಕಬಹುದಾದ ಜಾಗ ತೀರ ಚಿಕ್ಕದೆಂದು ಕಂಡರು. ಕೆ. ರಾಮಸ್ವಾಮಿ ಪ್ರತ್ಯೇಕವಾಗಿ ಬರೆದರು. ಪೂರ್ತಿ ತೀರ್ಪನ್ನು ಓದಲು ಕೂತವರಿಗೆ ಯಾರು ಯಾವ ಅಂಶದಲ್ಲಿ ಯಾರನ್ನು ಒಪ್ಪಿದರು ಎಂದು ಹಿಡಿಯುವುದೇ ಒಂದು ಕೆಲಸ.

ಗೊತ್ತಾದದ್ದು

ಕರ್ನಾಟಕ, ಮೇಘಾಲಯ, ನಾಗಾಲ್ಯಾಂಡ್ ಘೋಷಣೆಗಳು ಅಸಾಂವಿಧಾನಿಕವೆಂದಾದವು. ಬಿಜೆಪಿ ಆಡಳಿತದ ಮೂರು ರಾಜ್ಯಗಳ ಘೋಷಣೆಗಳು ಊರ್ಜಿತವಾದವು. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೆ ಸೇರಿದ್ದು, ಅದಕ್ಕೆ ವಿರುದ್ಧವಾದ ನೀತಿ ಹಿಡಿದ ರಾಜ್ಯ ಸರ್ಕಾರದ ಮೇಲೆ 356ನ್ನು ಬಳಸಬಹುದು ಎಂದು ಪೀಠ ಹೇಳಿತು. ಒಕ್ಕೂಟ ವ್ಯವಸ್ಥೆಯೂ ಮೂಲ ಸ್ವರೂಪದ ಭಾಗವೆಂದಿತು. ಟೀಕಾಕಾರರು ಬೆರಳಿಡುವುದು ಇಲ್ಲೇ. ಮೊದಲ ಮೂರು ರಾಜ್ಯಗಳಲ್ಲಿ ರಾಜ್ಯಪಾಲರ ವರದಿಯನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿದ ಪೀಠ, ನಂತರದ ಮೂರರಲ್ಲಿ ದೇಶದ ಆಗಿನ ಒಟ್ಟು ಸ್ಥಿತಿಗೆ ಹೆಚ್ಚು ತೂಕ ಕೊಟ್ಟಿತು. ಈ ಆಕ್ಷೇಪವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಬಹುಮತದ ಬಗ್ಗೆ ಅನುಮಾನ ಎದ್ದರೆ ಸದನವೇ ಅದನ್ನು ಬಗೆಹರಿಸುವ ಜಾಗ. ವ್ಯಾಪಕ ಹಿಂಸೆಯಿಂದ ಮುಕ್ತ ಮತದಾನವೇ ಅಸಾಧ್ಯವಾದಂಥ ಅಪರೂಪದ ಸಂದರ್ಭವಷ್ಟೇ ಇದಕ್ಕೆ ಹೊರತು. ಲೋಕಸಭಾ ಚುನಾವಣೆಯಲ್ಲಿ ಸೋತಿತೆಂದು ರಾಜ್ಯದ ಆಡಳಿತ ಪಕ್ಷವನ್ನು ಮನೆಗೆ ಕಳಿಸುವಂತಿಲ್ಲ.

ವಿಸರ್ಜನೆಯ ನಿಯಮ 356(3)ನೇ ಉಪವಿಧಿಯಿಂದ ಹುಟ್ಟಿದ್ದು. ಘೋಷಣೆಗೆ ಎರಡು ತಿಂಗಳೊಳಗೆ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು. ಒಪ್ಪಿಗೆ ಸಿಗುವವರೆಗೆ ವಿಧಾನಸಭೆಯನ್ನು ಅಮಾನತಿನಲ್ಲಿ ಇಡಬಹುದೇ ಹೊರತು ವಿಸರ್ಜಿಸುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಹಳೆಯ ಸರ್ಕಾರ, ಹಳೆಯ ಸಭೆ ಮರಳಿ ಜೀವ ಪಡೆಯುತ್ತವೆ. ಸಂಸತ್ತು ಒಪ್ಪಿದ ಮೇಲೂ ಘೋಷಣೆ ಅಸಿಂಧುವೆಂದು ಕಂಡರೆ ನ್ಯಾಯಾಲಯ ವಜಾಗೊಂಡ ಸರ್ಕಾರವನ್ನು ಮತ್ತೆ ಕೂರಿಸಬಹುದು, ಅದಕ್ಕಾಗಿ ಹೊಸ ಚುನಾವಣೆಯನ್ನೂ ತಡೆಹಿಡಿಯಬಹುದು.

ಬೊಮ್ಮಾಯಿಗೆ ಮಾತ್ರ ಇದರಿಂದ ಏನೂ ಸಿಗಲಿಲ್ಲ. 1989ರ ನವೆಂಬರ್ ಚುನಾವಣೆಯಲ್ಲಿ 224ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್ಸಿನ ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಆಮೇಲೆ ಬಂಗಾರಪ್ಪ ಬಂದು ಹೋದರು. ತೀರ್ಪು ಹೊರಬಂದಾಗ ಆ ಕುರ್ಚಿಯಲ್ಲಿ ವೀರಪ್ಪ ಮೊಯಿಲಿ ಇದ್ದರು. ಹೊಸ ವಿಧಾನಸಭೆ ಬಂದಿರುವುದರಿಂದ ಯಾವ ಪರಿಹಾರವನ್ನೂ ಕೊಡುವಂತಿಲ್ಲ ಎಂದಿತು ಪೀಠ. ಬೊಮ್ಮಾಯಿ ಮುಂದೆ 1996ರಲ್ಲಿ ಕೇಂದ್ರದ ಮಾನವ ಸಂಪನ್ಮೂಲ ಸಚಿವರಾದರು, 2007ರಲ್ಲಿ ತೀರಿಕೊಂಡರು.

ಆಮೇಲೆ

ವಿಸರ್ಜನೆಯ ನಿಯಮದ ಶಕ್ತಿ ಐದೇ ವರ್ಷದಲ್ಲಿ ತಿಳಿಯಿತು. 1999ರ ಫೆಬ್ರವರಿ 12ರಂದು ವಾಜಪೇಯಿ ಸರ್ಕಾರ ಬಿಹಾರದ ರಾಬ್ಡಿ ದೇವಿ ಸರ್ಕಾರವನ್ನು ವಜಾ ಮಾಡಿಸಿತು. ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಸಂಖ್ಯಾಬಲ ಇರಲಿಲ್ಲ. ಮಾರ್ಚ್ 8ರಂದು ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು, ರಾಬ್ಡಿ ದೇವಿ ಮರಳಿ ಬಂದರು. ಸಭೆ ಅಮಾನತಿನಲ್ಲಷ್ಟೇ ಇದ್ದದ್ದರಿಂದ ಇದು ಸಾಧ್ಯವಾಯಿತು. ಅದಕ್ಕೂ ಮುಂಚೆ 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಕಡತವನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಮರುಪರಿಶೀಲನೆಗೆಂದು ಹಿಂದಕ್ಕೆ ಕಳಿಸಿದ್ದರು. 2016ರಲ್ಲಿ ಅರುಣಾಚಲ ಪ್ರದೇಶದ ನಬಾಮ್ ತುಕಿ ಸರ್ಕಾರವನ್ನು ಸುಪ್ರೀಂ ಕೋರ್ಟೇ ಮತ್ತೆ ಸ್ಥಾಪಿಸಿತು. ಅದೇ ವರ್ಷ ಉತ್ತರಾಖಂಡದ ಘೋಷಣೆಯನ್ನು ಅಲ್ಲಿಯ ಹೈಕೋರ್ಟ್ ರದ್ದು ಮಾಡಿತು. ಆ ಆದೇಶ ಬಂದದ್ದು ಏಪ್ರಿಲ್ 21ರಂದು, ಬೊಮ್ಮಾಯಿ ವಜಾಗೊಂಡು ಸರಿಯಾಗಿ 27 ವರ್ಷಕ್ಕೆ.

ಸದನದ ಪರೀಕ್ಷೆ ಕರ್ನಾಟಕಕ್ಕೆ ಮರಳಿದ್ದು 2018ರಲ್ಲಿ. ಆ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಬಿಜೆಪಿಗೆ 104 ಸ್ಥಾನ, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟರು. ಮೇ 16ರ ನಡುರಾತ್ರಿ ದಾಟಿದ ಮೇಲೆ ಸುಪ್ರೀಂ ಕೋರ್ಟ್ ಕಲಾಪ ನಡೆಸಿತು. ಪ್ರಮಾಣವಚನವನ್ನು ತಡೆಯಲಿಲ್ಲ, ಆದರೆ ಮುಂದಿನ ವಿಚಾರಣೆಯಲ್ಲಿ ಆ 15 ದಿನವನ್ನು ಕತ್ತರಿಸಿ 19ರ ಸಂಜೆ 4 ಗಂಟೆಗೆ ವಿಶ್ವಾಸಮತ ನಡೆಯಬೇಕೆಂದಿತು. ಯಡಿಯೂರಪ್ಪ ಮತಕ್ಕೆ ಹಾಕುವ ಮುನ್ನವೇ ರಾಜೀನಾಮೆ ಘೋಷಿಸಿದರು.

ಈ ವಿಧಾನಕ್ಕೆ ಇನ್ನೊಂದು ಮುಖವೂ ಇದೆ. ಎಣಿಕೆ ನಡೆಯುವುದು ಸದನದಲ್ಲೇ ಎಂದು ಖಚಿತವಾದ ಮೇಲೆ ಶಾಸಕರನ್ನು ಸದನದವರೆಗೆ ಕಾಯ್ದುಕೊಳ್ಳುವುದು, ಇಲ್ಲವೇ ಅಲ್ಲಿಗೆ ಹೋಗದಂತೆ ನೋಡಿಕೊಳ್ಳುವುದು ಪಕ್ಷಗಳ ಕಸುಬಾಯಿತು. ಬಿಡದಿಯ ರೆಸಾರ್ಟು, ಹೈದರಾಬಾದಿನ ಹೋಟೆಲು, ಮುಂಬಯಿಯ ಹೋಟೆಲು ಎಲ್ಲ ಇದರ ಅಂಗಳಗಳೇ. 2019ರ ಜುಲೈನಲ್ಲಿ ರಾಜೀನಾಮೆ ಕೊಟ್ಟು ದೂರ ಉಳಿದ ಶಾಸಕರನ್ನು ಕಲಾಪಕ್ಕೆ ಬರುವಂತೆ ಬಲವಂತ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಯಡಿಯೂರಪ್ಪನವರ ಬಳಿಕ ಬಂದಿದ್ದ ಕುಮಾರಸ್ವಾಮಿ ಸರ್ಕಾರ ಜುಲೈ 23ರಂದು 99–105ರಲ್ಲಿ ಬಿತ್ತು. ಸದನದಲ್ಲಿ ಎಣಿಸಿಯೇ ಬಂದ ಲೆಕ್ಕ ಇದು, ಆದರೆ ಎಣಿಕೆಯನ್ನು ತೀರ್ಮಾನಿಸಿದವರು ಸದನದ ಹೊರಗಿದ್ದರು.

ಮಹಾರಾಷ್ಟ್ರದ ಪ್ರಕರಣದಲ್ಲಿ 2023ರ ಮೇ ತಿಂಗಳಲ್ಲಿ ಐವರ ಪೀಠ ಬೊಮ್ಮಾಯಿ ಎತ್ತಿದ ಪ್ರಶ್ನೆಯ ತಿರುವುಮುರುವನ್ನು ಎದುರಿಸಿತು. ಅಲ್ಲಿ ರಾಜ್ಯಪಾಲರು ಸದನದ ಪರೀಕ್ಷೆಯನ್ನು ತಪ್ಪಿಸಿರಲಿಲ್ಲ. ತಕ್ಕ ಆಧಾರವಿಲ್ಲದೆ ಅದಕ್ಕೆ ಕರೆ ಕೊಟ್ಟಿದ್ದರು. ಆ ಕರೆ ಸರಿಯಲ್ಲ ಎಂದು ಪೀಠ ಒಪ್ಪಿತು. ಆದರೂ ಉದ್ಧವ್ ಠಾಕ್ರೆ ಸರ್ಕಾರವನ್ನು ಮರಳಿ ತರಲಾಗುವುದಿಲ್ಲ ಎಂದಿತು, ಏಕೆಂದರೆ ಅವರು ಸದನವನ್ನು ಎದುರಿಸದೆ ಮೊದಲೇ ರಾಜೀನಾಮೆ ಕೊಟ್ಟಿದ್ದರು.